ದುಡ್ಡಿನ ಲೆಕ್ಕ, ಮಿಲಿಮೀಟರ್ ಲೆಕ್ಕ

ನನ್ನ ಮೊದಲ ಗೇಮಿಂಗ್ ಕಂಪ್ಯೂಟರ್‌ಗೆ ಬೇಕಾದ ಸಾಮಾನುಗಳ ಪಟ್ಟಿ ಬರೆಯಲು ಕೂತಾಗ ಮೊದಲ ಸಾಲಿಗೆ ಬಂದದ್ದು ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್. ಅದರ ಕೆಳಗೆ ಪ್ರೊಸೆಸರ್. ಆಮೇಲೆ ರ‍್ಯಾಮ್. ಇವೆಲ್ಲ ಕೂರುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್, ಪಟ್ಟಿಯ ಕೊನೆಯಲ್ಲಿತ್ತು. ಅದಕ್ಕೊಂದು ಹೆಸರೂ ಇರಲಿಲ್ಲ. 'ಯಾವುದಾದರೂ ಚಿಕ್ಕದು' ಅಂತ ಮಾತ್ರ ಬರೆದಿದ್ದೆ. ಅಕ್ಕ ಹಿಂದಿನಿಂದ ಬಗ್ಗಿ ಪಟ್ಟಿ ನೋಡಿದಳು. ಅವಳಿಗೆ ಅದರಲ್ಲಿ ಒಂದು ಹೆಸರೂ ಗೊತ್ತಿರಲಿಲ್ಲ. "ಇಷ್ಟೆಲ್ಲಾ ಸರಿ, ಇದನ್ನ ಎಲ್ಲಿ ಇಡ್ತೀಯಾ?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಜು ಚಿಕ್ಕದು. ಅದರ ಮೇಲೆ ಮಾನಿಟರ್ ಮತ್ತು ಕೀಬೋರ್ಡ್ ಇಟ್ಟರೆ ಮುಗಿಯಿತು. ಮೇಜಿನ ಕೆಳಗೆ ಕಾಲಿಗೆ ಜಾಗ ಬೇಕು. ಉಳಿದದ್ದು ಪಕ್ಕದ ಪುಸ್ತಕದ ಕಪಾಟಿನ ಒಂದು ಖಾನೆ. ಟೇಪ್ ಹಿಡಿದು ಅಳೆದೆ. ಅಗಲ 24 ಸೆಂ.ಮೀ., ಎತ್ತರ 36, ಆಳ 40. ಗುಣಿಸಿದರೆ 34 ಲೀಟರ್ ಚಿಲ್ಲರೆ. ಮಾಮೂಲಿ ಟವರ್ ಕ್ಯಾಬಿನೆಟ್ 40ರಿಂದ 50 ಲೀಟರ್ ಇರುತ್ತದೆ. ಅಂದರೆ ಆ ಖಾನೆಗಿಂತಲೂ ದೊಡ್ಡದು. ಜೊತೆಗೆ ಗಾಳಿ ಆಡಲು ನಾಲ್ಕೂ ಕಡೆ ಜಾಗ ಬಿಡಬೇಕು, ಹಿಂದೆ ಕೇಬಲ್‌ಗಳು ಬಾಗಲು ಜಾಗ ಬೇಕು. ಅಲ್ಲಿಗೆ ನನಗೆ ಉಳಿದದ್ದು ಹದಿನೈದು, ಹದಿನಾರು ಲೀಟರ್‌ನ ಒಂದು ಪೆಟ್ಟಿಗೆ.

ಆವತ್ತು ಪಟ್ಟಿಯನ್ನು ತಲೆಕೆಳಗು ಮಾಡಿ ಬರೆದೆ. ಕ್ಯಾಬಿನೆಟ್ ಮೇಲೆ ಬಂತು. ಅದರ ಪಕ್ಕದಲ್ಲಿ ಎರಡು ಕಾಲಂ ಎಳೆದೆ. ಒಂದು ದುಡ್ಡಿಗೆ, ಇನ್ನೊಂದು ಜಾಗಕ್ಕೆ. ಪ್ರತಿ ಸಾಮಾನೂ ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುತ್ತದೆ. ದೊಡ್ಡ ಕಂಪ್ಯೂಟರ್ ಕಟ್ಟುವವರಿಗೆ ದುಡ್ಡಿನ ಕಾಲಂ ಒಂದೇ ಸಾಕು. ಚಿಕ್ಕದು ಕಟ್ಟುವಾಗ ಎರಡನೇ ಕಾಲಂ ಕೂಡ ಅಷ್ಟೇ ಕಟ್ಟುನಿಟ್ಟು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಇಲ್ಲಿ ಅಕ್ಷರಶಃ ನಿಜ. ಕಾರ್ಡ್ 5 ಮಿ.ಮೀ. ಉದ್ದ ಜಾಸ್ತಿಯಾದರೆ ಅದು ಒಳಗೆ ಕೂರುವುದಿಲ್ಲ, ಅಷ್ಟೇ.

ಚಿಕ್ಕ ಕಂಪ್ಯೂಟರ್ ಕಟ್ಟುವವರು ಕ್ಯಾಬಿನೆಟ್ ಗಾತ್ರವನ್ನು ಲೀಟರ್‌ನಲ್ಲೇ ಹೇಳುತ್ತಾರೆ. 20 ಲೀಟರ್‌ಗಿಂತ ಕಡಿಮೆ ಇದ್ದರೆ ಅದು ಚಿಕ್ಕದು ಅಂತ ಸಾಮಾನ್ಯ ಲೆಕ್ಕ. ಕೂಲರ್ ಮಾಸ್ಟರ್‌ನ ಎನ್‌ಆರ್‌200 ಸುಮಾರು 18 ಲೀಟರ್. ಫ್ರಾಕ್ಟಲ್‌ನ ಟೆರ‍್ರಾ 10 ಲೀಟರ್ ಚಿಲ್ಲರೆ. ಡ್ಯಾನ್ ಎ4 ಎಸ್‌ಎಫ್‌ಎಕ್ಸ್ ಬರೀ 7.2 ಲೀಟರ್. ಫೋಟೋದಲ್ಲಿ ನೋಡುವಾಗ 7 ಲೀಟರ್‌ನದ್ದೇ ಚಂದ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ 18ರಿಂದ 10ಕ್ಕೆ ಇಳಿಯುವಾಗ ಬರೀ ಗಾತ್ರ ಇಳಿಯುವುದಿಲ್ಲ, ಆಯ್ಕೆಗಳೂ ಇಳಿಯುತ್ತವೆ. ಒಂದೊಂದು ಲೀಟರ್ ಕಡಿಮೆಯಾದಾಗಲೂ ಮಾಮೂಲಿ ಸಾಮಾನು ಒಂದು ಕೈಬಿಟ್ಟುಹೋಗುತ್ತದೆ. ಅದರ ಜಾಗಕ್ಕೆ ದುಬಾರಿಯಾದ, ವಿಶೇಷವಾದ ಸಾಮಾನು ಬರುತ್ತದೆ.

ಹತ್ತು ಲೀಟರ್ ಆಸುಪಾಸಿನ ಬಹಳಷ್ಟು ಕ್ಯಾಬಿನೆಟ್‌ಗಳಲ್ಲಿ ಎಲ್ಲಾ ಸಾಮಾನು ಜೋಡಿಸುವ ಮದರ್‌ಬೋರ್ಡ್ ಒಂದು ಕಡೆ, ಗ್ರಾಫಿಕ್ಸ್ ಕಾರ್ಡ್ ಅದರ ಬೆನ್ನಿಗೆ ಬೆನ್ನು ಕೊಟ್ಟು ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ಜೋಡಿಸುವುದು ರೈಸರ್ ಅನ್ನುವ ಒಂದು ಚಪ್ಪಟೆ ಕೇಬಲ್. ಜಾಗ ಉಳಿಸಲು ಬಹಳ ಒಳ್ಳೆಯ ಉಪಾಯ. ಆದರೆ ಮೊದಲ ಸಲ ಕಟ್ಟುವವರಿಗೆ ಅದು ಒಂದು ಹೆಚ್ಚುವರಿ ಚಿಂತೆ. ಪಿಸಿಐಇ ಅಂದರೆ ಕಾರ್ಡ್ ಮತ್ತು ಬೋರ್ಡ್ ನಡುವೆ ಡೇಟಾ ಓಡುವ ದಾರಿ. 3.0, 4.0 ಅದರ ತಲೆಮಾರುಗಳು. 3.0ಕ್ಕೆ ಮಾಡಿದ ರೈಸರ್ ಕೇಬಲ್ ಮೂಲಕ 4.0 ವೇಗದ ಕಾರ್ಡ್ ಓಡಿಸಲು ಹೋದರೆ ಪರದೆ ಕಪ್ಪಾಗಿಯೇ ಇರಬಹುದು, ಅಥವಾ ಆಟದ ಮಧ್ಯೆ ನಿಂತುಹೋಗಬಹುದು. ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ, ಕಾರ್ಡ್ ಸಿಕ್ಕಿಸುವ ಸ್ಲಾಟ್‌ನ ವೇಗವನ್ನು 3.0ಗೆ ಇಳಿಸಿದರೆ ಸರಿಹೋಗುತ್ತದೆ. ಆದರೆ ಪರದೆಯೇ ಬರದಿದ್ದರೆ ಬಯೋಸ್‌ಗೆ ಹೋಗುವುದು ಹೇಗೆ? ಕಾರ್ಡನ್ನು ಬಿಚ್ಚಿ ನೇರವಾಗಿ ಬೋರ್ಡಿಗೆ ಸಿಕ್ಕಿಸಿ, ಸೆಟ್ಟಿಂಗ್ ಬದಲಿಸಿ, ಮತ್ತೆ ಬಿಚ್ಚಬೇಕು. ಈ ಕೆಲಸ ಎರಡನೇ ಕಂಪ್ಯೂಟರ್‌ಗೆ ಇರಲಿ ಅಂತ ರೈಸರ್ ಇಲ್ಲದ ಕ್ಯಾಬಿನೆಟ್ ಹುಡುಕಿದೆ. ಸಿಕ್ಕಿದ್ದು 15 ಲೀಟರ್‌ನದ್ದು. ಅಗಲ 17, ಎತ್ತರ 28, ಉದ್ದ 32 ಸೆಂ.ಮೀ.

ಇಲ್ಲೊಂದು ಮಾತು ಹೇಳಲೇಬೇಕು. ಜಾಗ ತೀರಾ ಬಿಗಿಯಾಗಿಲ್ಲದಿದ್ದರೆ ಮೈಕ್ರೋ ಎಟಿಎಕ್ಸ್ ಅನ್ನುವ ಸ್ವಲ್ಪ ದೊಡ್ಡ ಬೋರ್ಡ್ ಹಿಡಿಸುವ ಕ್ಯಾಬಿನೆಟ್ ಕಡೆ ಒಮ್ಮೆ ನೋಡಿ. 25, 30 ಲೀಟರ್ ಆಗುತ್ತದೆ. ಚಿಕ್ಕದು ಅನ್ನಿಸುವುದಿಲ್ಲ, ನಿಜ. ಆದರೆ ಬೋರ್ಡ್ ಅಗ್ಗ, ಮಾಮೂಲಿ ಪವರ್ ಸಪ್ಲೈ ಹಿಡಿಸುತ್ತದೆ, ಪ್ರೊಸೆಸರನ್ನು ತಣ್ಣಗಿಡುವ ಎತ್ತರದ ಅಗ್ಗದ ಕೂಲರ್ ಹಿಡಿಸುತ್ತದೆ. ಹಾಗೆ ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಸೇರಿಸಿದರೆ ಒಂದು ಮೆಟ್ಟಿಲು ಮೇಲಿನದು ಬರುತ್ತದೆ. ನನ್ನ ಖಾನೆ ಇನ್ನೊಂದು ಹತ್ತು ಸೆಂಟಿಮೀಟರ್ ಅಗಲ ಇದ್ದಿದ್ದರೆ ನಾನು ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳುತ್ತಿದ್ದೆ.

ಕ್ಯಾಬಿನೆಟ್ ತರುವ ಮೊದಲು ಒಂದು ಕೆಲಸ ಮಾಡಿದೆ. ಹಳೆಯ ರಟ್ಟಿನ ಡಬ್ಬಗಳನ್ನು ಕತ್ತರಿಸಿ ಸಾಮಾನುಗಳ ಅಳತೆಗೆ ತುಂಡುಗಳನ್ನು ಮಾಡಿದೆ. ಮದರ್‌ಬೋರ್ಡಿಗೆ 17 ಸೆಂ.ಮೀ. ಚೌಕ. ಕಾರ್ಡಿಗೆ 24 ಉದ್ದ, 11 ಎತ್ತರ, 4 ದಪ್ಪ. ಪವರ್ ಸಪ್ಲೈಗೆ ಒಂದು ಪುಟ್ಟ ಡಬ್ಬ. ಎಲ್ಲವನ್ನೂ 15 ಲೀಟರ್ ಅಳತೆಯ ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟು ನೋಡಿದೆ. ಕಾಗದದ ಮೇಲೆ ಅಂಕಿಯಾಗಿ ಕಂಡದ್ದು ಕೈಯಲ್ಲಿ ಬೇರೆಯೇ ಅನ್ನಿಸಿತು. ಗಾಳಿಗೆ ಎಷ್ಟು ಕಡಿಮೆ ಜಾಗ ಉಳಿಯುತ್ತದೆ ಅಂತ ಗೊತ್ತಾಯಿತು. ಕೇಬಲ್‌ಗಳಿಗೂ ಜಾಗ ಬೇಕಲ್ವಾ ಅನ್ನೋದು ಹೊಳೆದದ್ದೂ ಆಗಲೇ. ಖರ್ಚಿಲ್ಲದ ಈ ಕೆಲಸ ನನಗೆ ಆಮೇಲೆ ಎಷ್ಟೋ ಸಲ ನೆರವಾಯಿತು. ಆದರೂ ಒಂದು ಕಡೆ ತಪ್ಪಿದೆ. ಅದು ಮುಂದೆ ಬರುತ್ತದೆ.

ಎರಡನೇ ಪ್ರಶ್ನೆ, ಏನು ಆಡ್ತೀನಿ, ಎಷ್ಟು ದೊಡ್ಡ ಪರದೆಯಲ್ಲಿ? ಪರದೆಯ ಲೆಕ್ಕ ಬಹಳ ಮುಖ್ಯ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇರುತ್ತವೆ. 1440ಪಿಯಲ್ಲಿ 36.9 ಲಕ್ಷ. 4ಕೆಯಲ್ಲಿ 82.9 ಲಕ್ಷ, ಅಂದರೆ 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದು ಚಿತ್ರಕ್ಕೆ ಕಾರ್ಡಿಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. 144 ಬೇಕೆಂದರೆ 7 ಮಿಲಿಸೆಕೆಂಡ್ ಕೂಡ ಇಲ್ಲ. ಅಷ್ಟರೊಳಗೆ ಆ ಲಕ್ಷಾಂತರ ಪಿಕ್ಸೆಲ್‌ಗಳ ಬಣ್ಣ ತೀರ್ಮಾನ ಆಗಬೇಕು. ನನ್ನ ಹತ್ತಿರ ಇದ್ದದ್ದು 1080ಪಿಯ ಹಳೆಯ ಮಾನಿಟರ್. ನಾನು ಆಡುವುದು ಹೆಚ್ಚಾಗಿ ಕಥೆ ಇರುವ ಆಟಗಳನ್ನು, ನಿಧಾನವಾಗಿ. ಅಲ್ಲಿಗೆ 60 ಸಾಕು. ಹೀಗೆ ಒಪ್ಪಿಕೊಂಡದ್ದೇ ನನ್ನ ದುಡ್ಡನ್ನು ಎಲ್ಲಕ್ಕಿಂತ ಜಾಸ್ತಿ ಉಳಿಸಿತು. 4ಕೆ ಆಸೆ ಇಟ್ಟುಕೊಂಡು ಚಿಕ್ಕ ಪೆಟ್ಟಿಗೆ, ಚಿಕ್ಕ ಬಜೆಟ್ ಅಂದರೆ ಮೂರೂ ಒಟ್ಟಿಗೆ ಸೇರುವುದಿಲ್ಲ.

ಇನ್ನು ಗ್ರಾಫಿಕ್ಸ್ ಕಾರ್ಡ್. ಒಟ್ಟು ದುಡ್ಡಿನ ಹತ್ತರಲ್ಲಿ ನಾಲ್ಕು ಪಾಲು ಇದಕ್ಕೇ ಇಟ್ಟೆ. ಗೇಮಿಂಗ್ ಕಂಪ್ಯೂಟರ್‌ನಲ್ಲಿ ದುಡ್ಡು ಕಣ್ಣಿಗೆ ಕಾಣುವುದು ಇಲ್ಲೇ. ಜಾಗದ ಲೆಕ್ಕದಲ್ಲೂ ಇದೇ ದೊಡ್ಡ ಖರ್ಚು. ಎರಡು ಫ್ಯಾನ್ ಇರುವ ಚಿಕ್ಕ ಕಾರ್ಡ್ ಸುಮಾರು ಒಂದು ಲೀಟರ್ ಜಾಗ ತಿನ್ನುತ್ತದೆ. ಮೂರು ಫ್ಯಾನ್‌ನ, 32 ಸೆಂ.ಮೀ. ಉದ್ದದ, ಮೂರು ಸ್ಲಾಟ್ ದಪ್ಪದ ಕಾರ್ಡ್ ಎರಡೂವರೆ ಲೀಟರ್ ತಿನ್ನುತ್ತದೆ. ಒಂದು ಸ್ಲಾಟ್ ಅಂದರೆ 20 ಮಿ.ಮೀ. ಚಿಲ್ಲರೆ. ಒಂದೇ ಚಿಪ್ ಇರುವ ಕಾರ್ಡನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಗಾತ್ರದಲ್ಲಿ ಮಾಡುತ್ತವೆ. ಹಾಗಾಗಿ ಚಿಪ್‌ನ ಹೆಸರು ನೋಡಿ ತರುವಂತಿಲ್ಲ. ಆ ನಿರ್ದಿಷ್ಟ ಮಾಡೆಲ್‌ನ ಉದ್ದ, ದಪ್ಪ, ಎತ್ತರ ಮೂರನ್ನೂ ನೋಡಬೇಕು. ಎತ್ತರವನ್ನು ಎಲ್ಲರೂ ಮರೆಯುತ್ತಾರೆ. ಕಾರ್ಡಿನ ನೆತ್ತಿಯ ಮೇಲೆ ಪವರ್ ಕೇಬಲ್ ಚುಚ್ಚಿದ ಮೇಲೆ ಅದು ಬಾಗಲು ಇನ್ನೂ ಮೂರು, ನಾಲ್ಕು ಸೆಂಟಿಮೀಟರ್ ಬೇಕಾಗುತ್ತದೆ. ಅಷ್ಟು ಜಾಗ ಬಿಡದಿದ್ದರೆ ಪಕ್ಕದ ಬಾಗಿಲು ಕೇಬಲ್ಲನ್ನು ಒತ್ತುತ್ತದೆ.

ಅದರ ಜೊತೆಗೆ ವ್ಯಾಟ್ ಲೆಕ್ಕ. ಕಾರ್ಡ್ ಎಷ್ಟು ವ್ಯಾಟ್ ಕುಡಿಯುತ್ತದೋ ಅಷ್ಟೂ ಕೊನೆಗೆ ಬಿಸಿಯಾಗಿ ಪೆಟ್ಟಿಗೆಯೊಳಗೆ ಬರುತ್ತದೆ. 50 ಲೀಟರ್ ಪೆಟ್ಟಿಗೆ ಅದನ್ನು ತಾಳಿಕೊಳ್ಳುತ್ತದೆ. 15 ಲೀಟರ್‌ನದ್ದು ತಾಳಿಕೊಳ್ಳುವುದಿಲ್ಲ. ನಾನು ನೋಡಿದವುಗಳಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 4060ರ ಮಿತಿ 115 ವ್ಯಾಟ್. ಎಎಂಡಿಯ ಆರ್‌ಎಕ್ಸ್ 6600ರದ್ದು 132. ಆರ್‌ಎಕ್ಸ್ 7600ರದ್ದು 165. ಆರ್‌ಟಿಎಕ್ಸ್ 3060ರದ್ದು 170, ಆದರೆ ಅದರಲ್ಲಿ 12 ಜಿಬಿ ಮೆಮೊರಿ ಸಿಗುತ್ತದೆ. ಉಳಿದ ಮೂರರಲ್ಲಿ 8 ಜಿಬಿ. ಇದು ನಿಜಕ್ಕೂ ಕಷ್ಟದ ಆಯ್ಕೆ. ಹೊಸ ಆಟಗಳಲ್ಲಿ ಟೆಕ್ಸ್ಚರ್, ಅಂದರೆ ವಸ್ತುಗಳ ಮೇಲ್ಮೈಯ ಚಿತ್ರಗಳ, ಗುಣಮಟ್ಟ ಪೂರ್ತಿ ಏರಿಸಿದರೆ 8 ಜಿಬಿ ಸಾಲದೆ ಬರುವುದುಂಟು. ಆಗ ಕಾರ್ಡ್ ಕಂಪ್ಯೂಟರ್‌ನ ರ‍್ಯಾಮ್‌ನಿಂದ ಎಳೆದು ತರಬೇಕಾಗುತ್ತದೆ, ಆಟ ತಡವರಿಸುತ್ತದೆ. 1080ಪಿಯಲ್ಲಿ ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿದರೆ ಕಣ್ಣಿಗೆ ಅಷ್ಟೇನೂ ಗೊತ್ತಾಗುವುದಿಲ್ಲ. ದುಡ್ಡು, ಬಿಸಿ, ಗಾತ್ರ ಮೂರನ್ನೂ ಕೂಡಿ ಕಳೆದು ನಾನು ಆರ್‌ಎಕ್ಸ್ 6600 ಆರಿಸಿದೆ. ಎರಡು ಸ್ಲಾಟ್ ದಪ್ಪ, ಒಂದೇ 8 ಪಿನ್ ಕೇಬಲ್.

ಅಗ್ಗದ ಕಾರ್ಡ್‌ಗಳಲ್ಲಿ ಇನ್ನೊಂದು ಸಂಗತಿ ಅಡಗಿರುತ್ತದೆ. ಬೋರ್ಡಿನ ಉದ್ದ ಸ್ಲಾಟ್‌ನಲ್ಲಿ 16 ಲೇನ್, ಅಂದರೆ ಡೇಟಾ ಓಡುವ ಸಾಲುಗಳು, ಇರುತ್ತವೆ. ಅಗ್ಗದ ಕಾರ್ಡ್ ಎಲ್ಲವನ್ನೂ ಬಳಸುವುದಿಲ್ಲ. ಆರ್‌ಎಕ್ಸ್ 6600 ಮತ್ತು ಆರ್‌ಟಿಎಕ್ಸ್ 4060 ಎಂಟನ್ನು ಮಾತ್ರ ಬಳಸುತ್ತವೆ. ಆರ್‌ಎಕ್ಸ್ 6500 ಎಕ್ಸ್‌ಟಿ ಬರೀ ನಾಲ್ಕನ್ನು. ಪಿಸಿಐಇ 4.0 ಬೋರ್ಡಿನಲ್ಲಿ ಇದರಿಂದ ದೊಡ್ಡ ತೊಂದರೆ ಇಲ್ಲ. ಆದರೆ ದುಡ್ಡು ಉಳಿಸಲು 3.0 ಬೋರ್ಡ್ ತಂದರೆ ಪ್ರತಿ ಲೇನ್‌ನ ವೇಗ ಅರ್ಧವಾಗುತ್ತದೆ. ನಾಲ್ಕೇ ಲೇನ್, 4 ಜಿಬಿ ಮೆಮೊರಿ ಇರುವ 6500 ಎಕ್ಸ್‌ಟಿಗೆ ಆ ಪೆಟ್ಟು ಚೆನ್ನಾಗಿಯೇ ಬೀಳುತ್ತದೆ. ಬಜೆಟ್ ಕಾರ್ಡ್, ಬಜೆಟ್ ಬೋರ್ಡ್ ಅಂತ ಎರಡನ್ನೂ ಬೇರೆ ಬೇರೆಯಾಗಿ ಆರಿಸಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಅದಕ್ಕೇ ಇದನ್ನು ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಹಳೆಯ ಕಾರ್ಡ್ ತೆಗೆದುಕೊಳ್ಳಬಹುದಾ? ಬಹುದು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಡಿಜಿಟಲ್ ನಾಣ್ಯ ತನ್ನ ವ್ಯವಸ್ಥೆ ಬದಲಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡ್ ಇಟ್ಟು ಅದನ್ನು ಗಣಿಗಾರಿಕೆ ಮಾಡುವುದು, ಅಂದರೆ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು, ನಿಂತುಹೋಯಿತು. ಹಾಗೆ ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ಬಹಳಷ್ಟು ಮಾರಾಟಕ್ಕೆ ಬಂದವು. ದುಡಿದ ಕಾರ್ಡ್ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಫ್ಯಾನ್‌ನ ಬೇರಿಂಗ್ ಸವೆದಿರಬಹುದು, ಚಿಪ್‌ನ ಬಿಸಿಯನ್ನು ಸಾಗಿಸುವ ಒಳಗಿನ ಪೇಸ್ಟ್ ಒಣಗಿರಬಹುದು. ಎರಡನ್ನೂ ಬದಲಿಸಬಹುದು. ಕೊಳ್ಳುವ ಮೊದಲು ಅರ್ಧ ಗಂಟೆಯಾದರೂ ಒಂದು ಭಾರಿ ಆಟ ಓಡಿಸಿ ನೋಡಬೇಕು. ಹಾಗೆ ನೋಡಲು ಬಿಡದವರ ಹತ್ತಿರ ಕೊಳ್ಳುವುದು ಬೇಡ ಅನ್ನೋದು ನನ್ನ ಅಭಿಪ್ರಾಯ. ನನಗೆ ಹಾಗೆ ಪರೀಕ್ಷಿಸುವ ಅನುಕೂಲ ಇರಲಿಲ್ಲ. ಹೊಸದೇ ತಂದೆ.

ಪ್ರೊಸೆಸರ್ ವಿಷಯ ಇಷ್ಟು ಕಷ್ಟ ಆಗಲಿಲ್ಲ. ಸೆಕೆಂಡಿಗೆ 60 ಫ್ರೇಮ್‌ಗೆ, ಅಂದರೆ 60 ಚಿತ್ರಕ್ಕೆ, ಆರು ಕೋರ್ ಸಾಕು. ಕೋರ್ ಅಂದರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ. ಇಂಟೆಲ್‌ನ ಐ5 12400ಎಫ್, ಎಎಂಡಿಯ ರೈಜೆನ್ 5 5600, ಎರಡೂ ಆರು ಕೋರ್, ಹನ್ನೆರಡು ಥ್ರೆಡ್. ನಾನು 5600 ತೆಗೆದುಕೊಂಡೆ. ಪಕ್ಕದಲ್ಲೇ ಇನ್ನೂ ಅಗ್ಗದ 5500 ಇತ್ತು. ಹೆಸರಿನಲ್ಲಿ ನೂರರ ವ್ಯತ್ಯಾಸ, ಕೋರ್‌ಗಳೂ ಅಷ್ಟೇ. ಆದರೆ 5600ರಲ್ಲಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಪುಟ್ಟ ಮೆಮೊರಿ, 32 ಎಂಬಿ, 5500ರಲ್ಲಿ 16 ಎಂಬಿ. ಆಟಗಳಿಗೆ ಈ ಕ್ಯಾಶ್ ಬಹಳ ಬೇಕು. ಮೇಲಾಗಿ 5500 ಪಿಸಿಐಇ 3.0ಕ್ಕೇ ನಿಲ್ಲುತ್ತದೆ. 4.0 ಬೋರ್ಡ್ ತಂದರೂ ಪ್ರೊಸೆಸರ್ 3.0 ಆದರೆ ಕಾರ್ಡಿಗೆ ಸಿಗುವುದು 3.0 ಮಾತ್ರ. ಸ್ವಲ್ಪ ದುಡ್ಡು ಉಳಿಸಲು ಹೋಗಿ ಎರಡು ಕಡೆ ಕಳೆದುಕೊಂಡ ಹಾಗೆ. ಇಂಟೆಲ್ ಹೆಸರಿನ ಕೊನೆಯ 'ಎಫ್' ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. 5600ರಲ್ಲೂ ಇಲ್ಲ. ಕಾರ್ಡ್ ಕೈಕೊಟ್ಟ ದಿನ ಪರದೆಯೇ ಬರುವುದಿಲ್ಲ. ಅದನ್ನು ತಿಳಿದುಕೊಂಡೇ ಕೊಳ್ಳಬೇಕು.

5600 ಕೂರುವ ಎಎಂ4 ಸಾಕೆಟ್ ಹಳೆಯದಲ್ವಾ ಅಂತ ಕೇಳಬಹುದು. ಹೌದು. 2017ರ ಮೊದಲ ರೈಜೆನ್‌ಗಳಿಂದ ಇದೆ. 2022ರಲ್ಲಿ ಎಎಂ5 ಬಂತು. ಅದಕ್ಕೆ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಬೇಕೇ ಬೇಕು. ಮುಂದೆ ಪ್ರೊಸೆಸರ್ ಬದಲಿಸುವ ಆಸೆ ಇದ್ದರೆ ಎಎಂ5 ಸರಿ. ನನ್ನ ಬಜೆಟ್‌ನಲ್ಲಿ ಎಎಂ5 ಅಂದರೆ ಕಾರ್ಡ್ ಒಂದು ಮೆಟ್ಟಿಲು ಇಳಿಯಬೇಕಿತ್ತು. ಮುಂದೆ ಯಾವತ್ತೋ ಬದಲಿಸಬಹುದಾದ ಪ್ರೊಸೆಸರ್‌ಗಾಗಿ ಈಗಿನ ಆಟವನ್ನು ಕಡಿಮೆ ಮಾಡಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ದಾರಿಯೂ ಇದೆ. ಕಾರ್ಡೇ ಬೇಡ ಅನ್ನುವ ದಾರಿ. ರೈಜೆನ್ 5 8600ಜಿ ತರಹದ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಚೆನ್ನಾಗಿಯೇ ಇದೆ. ಹಳೆಯ ಆಟ, ಹಗುರ ಆಟ ಆಡುವವರಿಗೆ ಸಾಕು. ಆಗ ಪೆಟ್ಟಿಗೆ ನಾಲ್ಕೈದು ಲೀಟರ್‌ಗೆ ಇಳಿಯುತ್ತದೆ. ಆದರೆ ಆ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ರ‍್ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ ವೇಗದ ರ‍್ಯಾಮ್, ಅದೂ ಜೋಡಿಯಾಗಿ, ಹಾಕಲೇಬೇಕು.

ಬೋರ್ಡ್ ಮಿನಿ ಐಟಿಎಕ್ಸ್. 17 ಸೆಂ.ಮೀ. ಚೌಕದ ಈ ಅಳತೆಯನ್ನು 2001ರಲ್ಲಿ ವಿಯಾ ಅನ್ನುವ ಕಂಪನಿ ತಂದಿತು. ಕಡಿಮೆ ವಿದ್ಯುತ್ತಿನ ಪುಟ್ಟ ಯಂತ್ರಗಳಿಗೆ ಅಂತ ಮಾಡಿದ್ದು. ಅದೇ ಚೌಕದ ಮೇಲೆ ಈಗ ಗೇಮಿಂಗ್ ಕಂಪ್ಯೂಟರ್ ಕೂರುತ್ತದೆ ಅನ್ನೋದು ನನಗೆ ಈಗಲೂ ಖುಷಿ ಕೊಡುವ ಸಂಗತಿ. ಮೈಕ್ರೋ ಎಟಿಎಕ್ಸ್ ಬೋರ್ಡ್ 24.4 ಸೆಂ.ಮೀ. ಚೌಕ, ಅಂದರೆ ಎರಡು ಪಟ್ಟಿಗಿಂತ ಜಾಸ್ತಿ ಜಾಗ. ಹಾಗಿದ್ದರೂ ಚಿಕ್ಕ ಬೋರ್ಡೇ ದುಬಾರಿ. ಚಿಕ್ಕ ಜಾಗದಲ್ಲಿ ಅಷ್ಟನ್ನೂ ತುರುಕಲು ಜಾಸ್ತಿ ಪದರಗಳು, ಜಾಸ್ತಿ ಜಾಣತನ ಬೇಕು.

ಚಿಕ್ಕ ಬೋರ್ಡಿನಲ್ಲಿ 'ಆಮೇಲೆ ಸೇರಿಸೋಣ' ಅನ್ನುವ ಮಾತು ನಡೆಯುವುದಿಲ್ಲ. ಉದ್ದ ಸ್ಲಾಟ್ ಒಂದೇ, ಅದು ಕಾರ್ಡಿಗೆ ಹೋಯಿತು. ಹಾಗಾಗಿ ವೈಫೈ ಬೋರ್ಡಿನಲ್ಲೇ ಇರಲಿ. ರ‍್ಯಾಮ್ ಸ್ಲಾಟ್ ಎರಡೇ. ಈಗ ಎರಡು 8 ಜಿಬಿ ಹಾಕಿದರೆ ಮುಂದೆ 32 ಬೇಕಾದಾಗ ಎರಡನ್ನೂ ತೆಗೆದು ಪಕ್ಕಕ್ಕಿಡಬೇಕು. ಒಂದೇ 16 ಜಿಬಿ ಕಡ್ಡಿ ಹಾಕಿ ಇನ್ನೊಂದು ಆಮೇಲೆ ತರೋಣ ಅಂದರೆ ಅಲ್ಲಿಯವರೆಗೆ ರ‍್ಯಾಮ್ ಒಂದೇ ಚಾನೆಲ್‌ನಲ್ಲಿ ಓಡುತ್ತದೆ, ಆಟಗಳಲ್ಲಿ ಅದು ಗೊತ್ತಾಗುತ್ತದೆ. ಎರಡು 16 ಜಿಬಿ ತಂದೆ. ಡಿಡಿಆರ್4, 3200. ಆಟಗಳನ್ನು ತುಂಬಿಡುವ ಎಂ.2 ಎಸ್‌ಎಸ್‌ಡಿಯ ಒಂದು ಸ್ಲಾಟ್ ಎಷ್ಟೋ ಚಿಕ್ಕ ಬೋರ್ಡ್‌ಗಳಲ್ಲಿ ಬೆನ್ನಿಗೆ ಇರುತ್ತದೆ. ಅದನ್ನು ಮುಟ್ಟಲು ಇಡೀ ಬೋರ್ಡ್ ಬಿಚ್ಚಬೇಕು. ಹಾಗಾಗಿ ಮೊದಲೇ 1 ಟಿಬಿ. ಎಸ್‌ಎಸ್‌ಡಿಯ ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಮಾಮೂಲಿ ಎನ್‌ವಿಎಂಇ ಎಸ್‌ಎಸ್‌ಡಿ ಸಾಕು. ಅದಕ್ಕಿಂತ ವೇಗದ್ದು ತಂದರೆ ಆಟ ತೆರೆಯುವ ಸಮಯದಲ್ಲಿ ಬರುವ ವ್ಯತ್ಯಾಸ ಬಹಳ ಕಡಿಮೆ.

ಪವರ್ ಸಪ್ಲೈನಲ್ಲಿ ನಾನು ದುಡ್ಡು ಉಳಿಸಲಿಲ್ಲ. ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈ 15 ಸೆಂ.ಮೀ. ಅಗಲ, 8.6 ಎತ್ತರ, ಕಡಿಮೆ ಅಂದರೂ 14 ಆಳ. 1.8 ಲೀಟರ್. ಎಸ್‌ಎಫ್‌ಎಕ್ಸ್ ಅಳತೆಯದು 12.5, 6.35, 10. ಅಂದರೆ 0.8 ಲೀಟರ್. ಇಲ್ಲೇ ಒಂದು ಲೀಟರ್ ಉಳಿಯಿತು. 15ರಲ್ಲಿ ಒಂದು ಲೀಟರ್ ಅಂದರೆ ಒಂದು ಇಡೀ ಗ್ರಾಫಿಕ್ಸ್ ಕಾರ್ಡಿನ ಜಾಗ. ಆದರೆ ಎಸ್‌ಎಫ್‌ಎಕ್ಸ್‌ಗೆ ದುಡ್ಡು ಜಾಸ್ತಿ ಹೋಗುತ್ತದೆ. ನನ್ನ ಪ್ರೊಸೆಸರ್ 65 ವ್ಯಾಟ್‌ನದ್ದು ಅಂತ ಡಬ್ಬದ ಮೇಲೆ ಬರೆದಿದ್ದರೂ ಪೂರ್ತಿ ದುಡಿಯುವಾಗ 88 ವ್ಯಾಟ್‌ವರೆಗೆ ಎಳೆಯುತ್ತದೆ. ಕಾರ್ಡ್ 132. ಬೋರ್ಡ್, ರ‍್ಯಾಮ್, ಫ್ಯಾನ್ ಎಲ್ಲಾ ಸೇರಿ ಇನ್ನೊಂದು 50 ಅಂತ ಇಟ್ಟುಕೊಂಡೆ. 270 ಆಯಿತು. ಕಾರ್ಡ್‌ಗಳು ಕ್ಷಣಮಾತ್ರಕ್ಕೆ ತಮ್ಮ ಮಿತಿ ಮೀರಿ ಎಳೆಯುತ್ತವೆ. ಅದಕ್ಕೂ, ಮುಂದಿನ ಕಾರ್ಡಿಗೂ ಸೇರಿಸಿ 550 ವ್ಯಾಟ್‌ನದ್ದು ತಂದೆ. ಅರ್ಧ ಭಾರದಲ್ಲಿ ಓಡುವುದರಿಂದ ಅದರ ಫ್ಯಾನ್ ಹೆಚ್ಚು ಸದ್ದು ಮಾಡುವುದಿಲ್ಲ.

ಪವರ್ ಸಪ್ಲೈ ಬಗ್ಗೆ ಒಂದು ಎಚ್ಚರಿಕೆ. ಕಳಚಬಹುದಾದ ಕೇಬಲ್‌ಗಳಿದ್ದರೆ ಒಂದು ಪವರ್ ಸಪ್ಲೈನ ಕೇಬಲ್ಲನ್ನು ಇನ್ನೊಂದಕ್ಕೆ ಹಾಕಬೇಡಿ. ಕಂಪನಿ ಒಂದೇ ಆದರೂ ಬೇಡ. ಬೋರ್ಡಿನ ಕಡೆಯ ತುದಿಗೆ ಎಲ್ಲರೂ ಪಾಲಿಸುವ ನಿಯಮ ಇದೆ. ಪವರ್ ಸಪ್ಲೈ ಕಡೆಯ ತುದಿಗೆ ಇಲ್ಲ. ಪಿನ್ ಸರಿಯಾಗಿ ಕೂರುತ್ತದೆ, ಆದರೆ 5 ವೋಲ್ಟ್ ಬರಬೇಕಾದ ತಂತಿಯಲ್ಲಿ 12 ಬರಬಹುದು. ಡ್ರೈವ್ ಸುಟ್ಟುಹೋಗುತ್ತದೆ. ಉದ್ದದ ಕೇಬಲ್ ಚಿಕ್ಕ ಪೆಟ್ಟಿಗೆಯಲ್ಲಿ ತೊಡಕು ಅಂತ ಗಿಡ್ಡ ಕೇಬಲ್ ಹುಡುಕುವವರು ಇದನ್ನು ನೆನಪಿಡಬೇಕು.

ಈಗ ನಾನು ತಪ್ಪಿದ ಜಾಗಕ್ಕೆ ಬರುತ್ತೇನೆ. ಕೂಲರ್.

ರೈಜೆನ್ 5600ರ ಡಬ್ಬದಲ್ಲೇ ಒಂದು ಕೂಲರ್ ಬರುತ್ತದೆ. 54 ಮಿ.ಮೀ. ಎತ್ತರ. ಕೆಲಸ ನಡೆಯುತ್ತದೆ, ಆದರೆ ಬಿಸಿಯಾದಾಗ ಸದ್ದು ಜಾಸ್ತಿ. ಕಿವಿಯಿಂದ ಒಂದು ಮೊಳ ದೂರದಲ್ಲಿ ಇಡುವ ಕಂಪ್ಯೂಟರ್ ಅಂತ ಬೇರೆ ಕೂಲರ್ ಹುಡುಕಿದೆ. ನನ್ನ ಕ್ಯಾಬಿನೆಟ್‌ನಲ್ಲಿ ಪವರ್ ಸಪ್ಲೈ ಕೂರುವುದು ಪ್ರೊಸೆಸರ್‌ನ ಎದುರಿಗೇ. ಎರಡರ ನಡುವೆ ಕೂಲರ್‌ಗೆ 67 ಮಿ.ಮೀ. ಜಾಗ ಇದೆ ಅಂತ ಬರೆದಿತ್ತು. ನಾನು ಆರಿಸಿದ ಕೂಲರ್‌ನ ಪುಟದಲ್ಲಿ ಎತ್ತರ 45 ಮಿ.ಮೀ. ಅಂತ ಇತ್ತು. ಬೇಕಾದಷ್ಟು ಜಾಗ ಇದೆ ಅಂದುಕೊಂಡೆ. ಆ 45 ಲೋಹದ ಹೀಟ್‌ಸಿಂಕ್‌ನ ಎತ್ತರ ಮಾತ್ರ. ಅದರ ಮೇಲೆ ಕೂರುವ ಫ್ಯಾನ್‌ನ ಅಳತೆ ಕೆಳಗಿನ ಸಾಲಿನಲ್ಲಿ ಬೇರೆಯಾಗಿ ಇತ್ತು. ಮಾಮೂಲಿ ಫ್ಯಾನ್ 25 ಮಿ.ಮೀ. ದಪ್ಪ. ಎರಡೂ ಸೇರಿ 70.

ಇದು ಗೊತ್ತಾದದ್ದು ಜೋಡಿಸುವ ದಿನ. ಬೋರ್ಡ್ ಒಳಗೆ ಕೂತಿತ್ತು. ಬೋರ್ಡ್ ಇಳಿಸುವ ಮೊದಲೇ ಪ್ರೊಸೆಸರ್‌ನ 8 ಪಿನ್ ಕೇಬಲ್ ಸಿಕ್ಕಿಸಬೇಕು ಅಂತ ಓದಿಕೊಂಡಿದ್ದೆ, ಹಾಗೇ ಮಾಡಿದ್ದೆ. ಇಳಿಸಿದ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ. ಎಲ್ಲಾ ಸರಿಯಾಗಿ ನಡೆಯುತ್ತಿತ್ತು. ಪವರ್ ಸಪ್ಲೈ ಅದರ ಚೌಕಟ್ಟಿಗೆ ಇಟ್ಟು ಸ್ಕ್ರೂ ಹಾಕಲು ಹೋದೆ. ತೂತುಗಳು ಹೊಂದಲಿಲ್ಲ. ಮತ್ತೆ ಎತ್ತಿ ಇಟ್ಟೆ. ಹೊಂದಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಪವರ್ ಸಪ್ಲೈನ ತಳ ಫ್ಯಾನ್ ಮೇಲೆ ಕೂತಿದೆ. ಸ್ಕೇಲ್ ತಂದು ಅಳೆದೆ. ಮೂರು ಮಿ.ಮೀ.

ಸ್ವಲ್ಪ ಒತ್ತಿ ಸ್ಕ್ರೂ ಹಾಕಿಬಿಡೋಣ ಅಂತ ಒಂದು ಕ್ಷಣ ಅನ್ನಿಸಿತು. ಹಾಗೆ ಮಾಡಿದ್ದರೆ ಆ ಭಾರ ಫ್ಯಾನ್ ಮೂಲಕ ಹೀಟ್‌ಸಿಂಕ್‌ಗೆ, ಅಲ್ಲಿಂದ ಪ್ರೊಸೆಸರ್‌ಗೆ, ಕೊನೆಗೆ ಬೋರ್ಡಿಗೆ ಬೀಳುತ್ತಿತ್ತು. ಕೈ ಹಿಂದೆ ತೆಗೆದೆ. ಎಲ್ಲವನ್ನೂ ಹಾಗೇ ಬಿಟ್ಟು ಎದ್ದೆ. ಮನಸ್ಸಿಗೆ ತುಂಬಾ ಬೇಸರ ಆಗಿತ್ತು. ಎರಡು ತಿಂಗಳು ಓದಿದ್ದೇನೆ, ರಟ್ಟು ಕತ್ತರಿಸಿ ಅಳೆದಿದ್ದೇನೆ, ಆದರೂ ಹೀಗೆ. ಆ ರಟ್ಟಿನ ತುಂಡುಗಳಲ್ಲಿ ಕೂಲರ್ ಒಂದನ್ನು ನಾನು ಮಾಡಿರಲಿಲ್ಲ. ಚಿಕ್ಕದು, ಹೇಗೂ ಹಿಡಿಸುತ್ತದೆ ಅಂತ.

ಪರಿಹಾರ ಇತ್ತು. 15 ಮಿ.ಮೀ. ದಪ್ಪದ ತೆಳು ಫ್ಯಾನ್ ಸಿಗುತ್ತದೆ. 45ಕ್ಕೆ 15 ಸೇರಿದರೆ 60. ಏಳು ಮಿ.ಮೀ. ಉಸಿರಾಡಲು ಉಳಿಯುತ್ತದೆ. ಅದನ್ನು ತರಿಸಿದೆ. ಮಾಮೂಲಿ ಫ್ಯಾನ್‌ಗಿಂತ ಅದು ದುಬಾರಿ. ಜಾಗದ ಕಾಲಂನಲ್ಲಿ ಮೂರು ಮಿ.ಮೀ. ತಪ್ಪು ಬರೆದದ್ದಕ್ಕೆ ದುಡ್ಡಿನ ಕಾಲಂನಿಂದ ತೆರಬೇಕಾಯಿತು. ತೆಗೆದ ದಪ್ಪ ಫ್ಯಾನನ್ನು ಕ್ಯಾಬಿನೆಟ್‌ನ ತಳದಲ್ಲಿ, ಕಾರ್ಡಿನ ಕೆಳಗೆ ಹಾಕಿದೆ. ಹೊರಗಿನ ತಣ್ಣನೆ ಗಾಳಿ ನೇರವಾಗಿ ಕಾರ್ಡಿಗೆ ಹೋಗುತ್ತದೆ. ಅದು ಅಲ್ಲಿ ಮೊದಲಿನಿಂದಲೂ ಇರಬೇಕಾಗಿತ್ತು ಅಂತ ಈಗ ಅನ್ನಿಸುತ್ತದೆ.

ಎರಡನೇ ಸಲ ಜೋಡಿಸಿದಾಗ ಪವರ್ ಸಪ್ಲೈನ ನಾಲ್ಕೂ ಸ್ಕ್ರೂ ಸಲೀಸಾಗಿ ಹೋದವು. ಬಟನ್ ಒತ್ತಿದೆ. ಫ್ಯಾನ್‌ಗಳು ತಿರುಗಿದವು. ಪರದೆ ಬರಲಿಲ್ಲ. ಒಂದು ನಿಮಿಷ ಕಾದೆ. ರ‍್ಯಾಮ್ ಕಡ್ಡಿಗಳನ್ನು ತೆಗೆದು ಮತ್ತೆ ಒತ್ತಿ ಕೂರಿಸಿದೆ. ಒಂದು ಕಡ್ಡಿಯ ಕೊಕ್ಕೆ ಪೂರ್ತಿ ಬಿದ್ದಿರಲಿಲ್ಲ. ಈ ಸಲ 'ಟಕ್' ಅಂತ ಕೇಳಿಸಿತು. ಬಯೋಸ್ ಪರದೆ ಬಂತು. ಆ ಬಣ್ಣವಿಲ್ಲದ ಅಕ್ಷರಗಳನ್ನು ನೋಡಿ ನಾನು ಕುರ್ಚಿಯಿಂದ ಎದ್ದು ಅಕ್ಕನನ್ನು ಕರೆದೆ.

ಅಲ್ಲಿ ಮೊದಲು ಮಾಡಿದ ಕೆಲಸ ಎಕ್ಸ್‌ಎಂಪಿ ಆನ್ ಮಾಡಿದ್ದು. 3200ರ ರ‍್ಯಾಮ್ ತಂದಿದ್ದರೂ ಅದನ್ನು ಆನ್ ಮಾಡುವ ತನಕ ಅದು ಕಡಿಮೆ ವೇಗದಲ್ಲೇ ಓಡುತ್ತಿತ್ತು. ಬಹಳ ಜನ ಇದನ್ನು ಮಾಡದೆ ವರ್ಷಗಟ್ಟಲೆ ಆಡುತ್ತಾರೆ. ಆಮೇಲಿನ ವಾರ ಕಾರ್ಡಿನ ವಿದ್ಯುತ್ ಮಿತಿ ಮತ್ತು ವೋಲ್ಟೇಜ್ ಸ್ವಲ್ಪ ಸ್ವಲ್ಪ ಇಳಿಸಿ ನೋಡಿದೆ. ಕಳೆದುಕೊಂಡದ್ದು ಎರಡು, ಮೂರು ಫ್ರೇಮ್. ಫ್ಯಾನ್ ಸದ್ದು ಮಾತ್ರ ಗಮನಕ್ಕೆ ಬರುವಷ್ಟು ಇಳಿಯಿತು. ಕಾರ್ಖಾನೆಯಿಂದ ಬರುವ ಸೆಟ್ಟಿಂಗ್‌ಗಳು ಎಲ್ಲಾ ಚಿಪ್‌ಗಳಿಗೂ ಹೊಂದುವಂತೆ ಸ್ವಲ್ಪ ಧಾರಾಳವಾಗಿ ಇರುತ್ತವೆ. ದೊಡ್ಡ ಪೆಟ್ಟಿಗೆಯಲ್ಲಿ ಇದು ಹವ್ಯಾಸ. ಚಿಕ್ಕ ಪೆಟ್ಟಿಗೆಯಲ್ಲಿ ಇದನ್ನೂ ಜೋಡಣೆಯ ಕೆಲಸದ ಒಂದು ಭಾಗ ಅಂತಲೇ ಇಟ್ಟುಕೊಳ್ಳಬೇಕು.

ಈಗ ಅದು ಕಪಾಟಿನ ಖಾನೆಯಲ್ಲಿದೆ. ಎರಡೂ ಪಕ್ಕ ಮೂರೂವರೆ ಸೆಂಟಿಮೀಟರ್ ಜಾಗ. ಹಿಂದಿನ ಹಲಗೆ ತೆಗೆದಿದ್ದೇನೆ, ಬಿಸಿ ಗಾಳಿ ಹೋಗಲು. 8 ಜಿಬಿಯ ಕಾರ್ಡನ್ನು ಒಂದು ದಿನ ಬದಲಿಸಬೇಕಾಗುತ್ತದೆ, ಅದು ಗೊತ್ತು. ಅದಕ್ಕೇ ಬಾಗಿಲು ಮುಚ್ಚುವ ಮೊದಲು ಒಂದು ಚೀಟಿಯಲ್ಲಿ ಬರೆದು ಅದರ ಒಳಮೈಗೆ ಅಂಟಿಸಿದೆ. ಕಾರ್ಡ್ ಉದ್ದ 290, ದಪ್ಪ ಎರಡೂವರೆ ಸ್ಲಾಟ್, ಕೇಬಲ್ ಸೇರಿ ಎತ್ತರ 145. ಕೂಲರ್ 67, ಫ್ಯಾನ್ ಸೇರಿ.